ಮಾಣಿ ರಾತ್ರಿ ಎರಡರವರೆಗೆ ಯುದ್ಧ ಮಾಡುತ್ತಾನೆ, ಈಗ 90 ಸಾವಿರದ ಕಂಪ್ಯೂಟರ್ ಕೇಳುತ್ತಿದ್ದಾನೆ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟವೇ ಜೀವನ. ಮಗನಿಗೆ (ನಮ್ಮ ಕಡೆ ಮಾಣಿ ಅನ್ನುತ್ತೇವೆ) 17 ವರ್ಷ. ಸಾಗರದಲ್ಲಿ ಮೊದಲ ಪಿಯುಸಿ ಮುಗಿಸಿ ರಜೆಗೆ ಮನೆಗೆ ಬಂದಿದ್ದಾನೆ. ಒಂದೂವರೆ ವರ್ಷದಿಂದ ಹಳೇ ಲ್ಯಾಪ್‌ಟಾಪಿನಲ್ಲಿ ‘ಆರ್ಮಾ 3’ ಎಂಬ ಯುದ್ಧದ ಆಟ ಹಿಡಿದಿದ್ದಾನೆ. ರಾತ್ರಿ ಹನ್ನೊಂದೂವರೆಗೆ ಕೂತರೆ ಏಳುವುದು ಎರಡು ಗಂಟೆಗೆ. ಚಳಿಗಾಲದಲ್ಲಿ ಹನ್ನೆರಡೂವರೆಗೆ ಶುರು ಮಾಡುತ್ತಿದ್ದ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರ ಜೊತೆಗೋ ಇಂಗ್ಲಿಷಿನಲ್ಲಿ ‘ಕಾಂಟ್ಯಾಕ್ಟ್, ಥ್ರೀ ಹಂಡ್ರೆಡ್ ಮೀಟರ್ಸ್’ ಅಂತ ಪಿಸುಗುಡುತ್ತಾನೆ. ಕೇಳಿದರೆ ‘ಅಮ್ಮಾ, ಇದು ಆಟ ಅಲ್ಲ, ಸಿಮ್ಯುಲೇಶನ್, ಎನ್‌ಡಿಎಗೆ ಉಪಯೋಗ ಆಗತ್ತೆ’ ಎನ್ನುತ್ತಾನೆ. ಸೈನ್ಯದಲ್ಲಿ ಅಧಿಕಾರಿಯಾಗಲು ಓದುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಅದು, ಅಲ್ಲಿ ಸೇರುವ ಆಸೆ ಅವನಿಗೆ. ಈಗ 90 ಸಾವಿರದ ಕಂಪ್ಯೂಟರ್ ಬೇಕಂತೆ. ಅವನ ಅಪ್ಪ ‘ಇದು ಪಬ್ಜಿ ತರದ್ದೇ, ಹಾಳಾಗ್ತಾನೆ’ ಎನ್ನುತ್ತಾರೆ. ಸೈನ್ಯದಲ್ಲಿರುವ ನನ್ನ ತಮ್ಮ ‘ಮಿಲಿಟರಿಯವರೂ ಇಂಥದ್ದೇ ಬಳಸ್ತಾರೆ, ಕೊಡ್ಸು’ ಎನ್ನುತ್ತಾನೆ. 2025ರ ಮೇ ತಿಂಗಳಲ್ಲಿ ವಿಮಾನ ಹೊಡೆದುರುಳಿಸುವ ವಿಡಿಯೊ ವಾಟ್ಸಾಪಿಗೆ ಬಂದಿತ್ತು. ಹೆದರಿಕೊಂಡು ಇವನಿಗೆ ತೋರಿಸಿದರೆ ನಕ್ಕುಬಿಟ್ಟ. ‘ಇದು ನಮ್ಮ ಆಟ’ ಅಂದ. ಅವತ್ತಿಂದ ನನಗೆ ಇನ್ನೂ ಭಯ. ದಿನಾ ಬಂದೂಕು ಹಿಡಿದು ಮನಸ್ಸು ಕಲ್ಲಾಗುತ್ತದಾ? ಕಂಪ್ಯೂಟರ್ ಕೊಡಿಸಬಹುದಾ? ನಮ್ಮಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ.

ಉತ್ತರ: ಅಕ್ಕಾ, ಮೊದಲು ನಾನ್ಯಾರು ಅಂತ ಹೇಳಿಬಿಡುತ್ತೇನೆ. ಸೈನ್ಯದ ರೇಡಿಯೋ, ಫೋನ್ ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್ ದಳದಲ್ಲಿ 17 ವರ್ಷ ಇದ್ದು ಹವಾಲ್ದಾರನಾಗಿ ಹೊರಬಂದವನು. ಈಗ ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಬೆಳಿಗ್ಗೆ ಭರ್ತಿಗೆ ತಯಾರಾಗುವ ಹುಡುಗರನ್ನು ನೆಹರೂ ಸ್ಟೇಡಿಯಮ್ಮಿನಲ್ಲಿ ಓಡಿಸುತ್ತೇನೆ. ಮತ್ತೆ, ಮುಚ್ಚುಮರೆ ಯಾಕೆ, ನಾನೂ ಈ ಆಟ ಆಡುತ್ತೇನೆ. ನೀವು ಕೇಳಿದ್ದರಲ್ಲಿ ಅರ್ಧ ಪ್ರಶ್ನೆಗಳನ್ನು ನನ್ನ ಹೆಂಡತಿ ಈಗಾಗಲೇ ಕೇಳಿ ಆಗಿದೆ.

ನಿಮ್ಮ ಹೆದರಿಕೆ ಇರುವುದು ಬಂದೂಕಿನ ಬಗ್ಗೆ. ಪತ್ರ ಓದುವಾಗ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಹನ್ನೊಂದೂವರೆ, ಹನ್ನೆರಡೂವರೆ, ಆಮೇಲೆ ‘ಯಾರ ಜೊತೆಗೋ’ ಎಂಬ ಮಾತು. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಆಟ ಏನು ಅಂತ ನೋಡೋಣ.

ಆರ್ಮಾ 3 ಮಾಡಿದ್ದು ಚೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಎಂಬ ಕಂಪನಿ. ಬಿಡುಗಡೆ ಆಗಿದ್ದು 2013ರ ಸೆಪ್ಟೆಂಬರಿನಲ್ಲಿ. ಇದರ ಮೂಲಪುರುಷ ಅಂದರೆ 2001ರಲ್ಲಿ ಇದೇ ಕಂಪನಿ ಮಾಡಿದ ‘ಆಪರೇಶನ್ ಫ್ಲಾಶ್‌ಪಾಯಿಂಟ್’. ನಿಮ್ಮ ಯಜಮಾನರು ಹೇಳಿದ ಹಾಗೆ ಪಬ್ಜಿಗೂ ಇದಕ್ಕೂ ಸಂಬಂಧ ಇರುವುದು ಹೌದು. ಆದರೆ ಪಬ್ಜಿಯೇ ಇದರ ಸಂತಾನ. ಬ್ರೆಂಡನ್ ಗ್ರೀನ್ ಎಂಬ ಐರ್ಲೆಂಡಿನವರು ಆರ್ಮಾ ಆಟದ ಒಳಗೆ ತಮ್ಮದೇ ನಿಯಮ ಸೇರಿಸಿ ‘ಕೊನೆಗೆ ಉಳಿದವನೇ ಗೆದ್ದ’ ಎಂಬ ಆಟ ಕಟ್ಟಿದರು. ಅದೇ ಬೆಳೆದು 2017ರಲ್ಲಿ ಪಬ್ಜಿ ಆಯಿತು. ಮೊಮ್ಮಗ ತುಂಬಾ ಚುರುಕು, ಅರ್ಧ ಗಂಟೆಯಲ್ಲಿ ಒಂದು ಪಂದ್ಯ ಮುಗಿಯುತ್ತದೆ. ಅಜ್ಜ ಹಾಗಲ್ಲ.

ಅಜ್ಜನ ನಡಿಗೆ ಹೇಗಿರುತ್ತದೆ ಗೊತ್ತಾ? ಹೋದ ತಿಂಗಳ ಒಂದು ಸಂಜೆಯ ಆಟ ಹೇಳುತ್ತೇನೆ. ಆಟದೊಳಗೆ ಆಲ್ಟಿಸ್ ಅಂತ ಒಂದು ದ್ವೀಪ. ಗ್ರೀಸಿನ ಲೆಮ್ನೋಸ್ ದ್ವೀಪವನ್ನು ನೋಡಿ ಮಾಡಿದ್ದು, ಸುಮಾರು 270 ಚದರ ಕಿಲೋಮೀಟರ್. ನಾವು 12 ಜನ. ಗುಡ್ಡದ ಬೆನ್ನು ಹಿಡಿದು ಒಂದು ಹಳ್ಳಿಯ ಮೇಲಿನ ದಿಬ್ಬಕ್ಕೆ ಹೋಗಿ ಕೂರಬೇಕು. ನಡೆದೆವು. ನಲವತ್ತು ನಿಮಿಷ ಬರೀ ನಡಿಗೆ. ಬೆನ್ನಮೇಲೆ ಭಾರ ಜಾಸ್ತಿ ಇದ್ದರೆ ಆಟದಲ್ಲೂ ಏದುಸಿರು ಬರುತ್ತದೆ, ಗುರಿ ನಡುಗುತ್ತದೆ. ನಾಯಕ ನಕ್ಷೆ ನೋಡಿ ನಿಲ್ಲಿಸಿದ, ಕೂತೆವು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲಿಂದಲೋ ಒಂದು ಗುಂಡು. ನನ್ನ ಪರದೆ ಕಪ್ಪಾಯಿತು. ಗುಂಡು ತಗುಲಿದ ಮೇಲೆ ಸದ್ದು ಕೇಳಿಸಿತು, ಯಾಕೆಂದರೆ ಶಬ್ದ ಎಷ್ಟು ವೇಗದಲ್ಲಿ ಬರಬೇಕು ಅನ್ನುವುದನ್ನೂ ಈ ಆಟ ಲೆಕ್ಕ ಹಾಕುತ್ತದೆ. ಗೆಳೆಯನೊಬ್ಬ ನನ್ನನ್ನು ಕಲ್ಲಿನ ಮರೆಗೆ ಎಳೆದ. ತೊಡೆಗೆ ಬಿಗಿಯಾಗಿ ಪಟ್ಟಿ ಕಟ್ಟಿದ, ಬ್ಯಾಂಡೇಜ್ ಸುತ್ತಿದ. ಅಷ್ಟರಲ್ಲಿ ತಡವಾಗಿತ್ತು. ಮುಂದಿನ ಒಂದು ಗಂಟೆ ಉಳಿದವರು ಆಡುವುದನ್ನು ನೋಡುತ್ತಾ ಚಹಾ ಕುಡಿದೆ. ಆ ಸಂಜೆ ನಾನು ಹಾರಿಸಿದ ಗುಂಡು ಎಷ್ಟು? ಒಂದೂ ಇಲ್ಲ.

ಹೀಗಾಗಿ ನಿಮ್ಮ ಮಗ ಪಿಸುಗುಡುವುದು ಸಹಜವೇ. ಈ ಆಟದಲ್ಲಿ ಬಂದೂಕಿಗಿಂತ ರೇಡಿಯೋ ಜಾಸ್ತಿ ಕೆಲಸ ಮಾಡುತ್ತದೆ. ‘ಕಾಂಟ್ಯಾಕ್ಟ್’ ಅಂದರೆ ಶತ್ರು ಕಂಡ ಅಂತ. ಆಮೇಲೆ ದಿಕ್ಕು, ದೂರ, ಏನು ಕಂಡಿತು ಅನ್ನುವುದು. ಅಷ್ಟು ಹೇಳಿ ಬಾಯಿ ಮುಚ್ಚಬೇಕು, ಇನ್ನೊಬ್ಬನಿಗೆ ದಾರಿ ಬಿಡಬೇಕು. ಸಿಗ್ನಲ್ಸಿನಲ್ಲಿ ಹೊಸ ಹುಡುಗರಿಗೆ ಇದನ್ನೇ ಕಲಿಸಲು ನಮಗೆ ಸಾಕುಸಾಕಾಗುತ್ತಿತ್ತು.

ಮನಸ್ಸು ಕಲ್ಲಾಗುತ್ತದಾ ಅನ್ನುವ ಪ್ರಶ್ನೆ. ಇದನ್ನು ನಮಗಿಂತ ತಿಳಿದವರು ವರ್ಷಗಟ್ಟಲೆ ನೋಡಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದ್ದು ಹೀಗೆ: ಹೊಡೆದಾಟದ ಆಟಗಳಿಗೂ ಕೂಗಾಟ, ತಳ್ಳಾಟದಂಥ ಸಣ್ಣ ಸಿಟ್ಟಿಗೂ ಚೂರು ನಂಟು ಕಾಣುತ್ತದೆ, ಆದರೆ ಕೊಲೆ, ದಾಳಿಯಂಥ ಹಿಂಸೆಗೆ ಇವೇ ಕಾರಣ ಎನ್ನಲು ಸಾಕಷ್ಟು ಆಧಾರ ಇಲ್ಲ. 2019ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಬ್ರಿಟನ್ನಿನ 14-15 ವಯಸ್ಸಿನ ಸಾವಿರದಷ್ಟು ಮಕ್ಕಳನ್ನು ನೋಡಿದಾಗಲೂ ನಂಟು ಸಿಗಲಿಲ್ಲ. ಆ ಅಧ್ಯಯನದಲ್ಲಿ ನನಗೆ ಹಿಡಿಸಿದ್ದು ಒಂದು ಮಾತಿದೆ. ಮಕ್ಕಳ ನಡತೆ ಹೇಗಿದೆ ಅಂತ ಮಕ್ಕಳನ್ನೇ ಕೇಳಲಿಲ್ಲ, ಅಪ್ಪ ಅಮ್ಮನನ್ನು ಕೇಳಿದರು. ನೀವೂ ಹಾಗೇ ನೋಡಿ. ಹೆಡ್‌ಫೋನ್ ತೆಗೆದ ಮೇಲೆ ಮಾಣಿ ಮನೆಯವರ ಜೊತೆ, ಕೊಟ್ಟಿಗೆಯ ದನದ ಜೊತೆ, ಕೆಲಸದವರ ಜೊತೆ ಹೇಗಿರುತ್ತಾನೆ? ಅದು ಮೊದಲಿನ ಹಾಗೇ ಇದ್ದರೆ ಬಂದೂಕಿನ ಚಿಂತೆ ಬಿಡಿ.

ಒಂದು ಮಾತು ಸೇರಿಸುತ್ತೇನೆ. ಇದೇ ಆಟಕ್ಕೆ 2017ರಲ್ಲಿ ‘ಲಾಸ್ ಆಫ್ ವಾರ್’ ಎಂಬ ಒಂದು ಭಾಗ ಬಂತು. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಜೊತೆ ಸೇರಿ ಮಾಡಿದ್ದು. ಲಾಭದಲ್ಲಿ ಒಂದು ಪಾಲನ್ನು ಸಮಿತಿಗೇ ಕೊಟ್ಟರು. ಅದರಲ್ಲಿ ನೀವು ಸೈನಿಕ ಅಲ್ಲ, ಯುದ್ಧ ಮುಗಿದ ಹಳ್ಳಿಯಲ್ಲಿ ಉಳಿದ ಸಿಡಿಗುಂಡುಗಳನ್ನು ತೆಗೆಯುವವನು. ಆ ಹಳ್ಳಿಗೆ ಯಾರು ಯಾರು ಏನೇನು ಮಾಡಿದರು ಅಂತ ಒಂದೊಂದೇ ಗೋಡೆ ನೋಡುತ್ತಾ ತಿಳಿಯುತ್ತದೆ. ನಿಮ್ಮ ಮಗನ ಹತ್ತಿರ ಅದಿದ್ದರೆ ಒಂದು ಸಂಜೆ ಪಕ್ಕದಲ್ಲಿ ಕೂತು ಆಡಿಸಿ ನೋಡಿ. ಇಂಗ್ಲಿಷ್ ಅರ್ಥ ಆಗದಿದ್ದರೆ ಅವನೇ ಹೇಳಲಿ.

ವಾಟ್ಸಾಪ್ ವಿಡಿಯೊ ವಿಷಯದಲ್ಲಿ ಮಾಣಿಯ ಮಾತು ಸರಿಯೇ ಇರಬೇಕು. ಈ ಆಟದ ದೃಶ್ಯಗಳನ್ನು ಸಿರಿಯಾ, ಉಕ್ರೇನ್, ಗಾಜಾ ಅಂತ ಹೇಳಿ ಹಂಚಿದ್ದಾರೆ. 2025ರ ಮೇನಲ್ಲಿ ನಮ್ಮಲ್ಲೂ ಅದೇ ಆಯಿತು. 2011ರಲ್ಲಿ ಬ್ರಿಟನ್ನಿನ ಒಂದು ಟಿವಿ ಸಾಕ್ಷ್ಯಚಿತ್ರವೇ ಆರ್ಮಾ 2ರ ದೃಶ್ಯವನ್ನು ನಿಜವಾದ ದಾಳಿ ಅಂತ ತೋರಿಸಿ ಮುಜುಗರ ಪಟ್ಟಿತ್ತು. ಹೀಗಿರುವಾಗ ನೀವು ಹೆದರಿದ್ದರಲ್ಲಿ ತಪ್ಪೇನಿಲ್ಲ. ಆಟದ ಕಂಪನಿಯೇ 2022ರಲ್ಲಿ ಗುರುತು ಹಿಡಿಯುವುದು ಹೇಗೆ ಅಂತ ಹೇಳಿದೆ. ವಿಡಿಯೊ ಮಸುಕಾಗಿರುತ್ತದೆ, ಕ್ಯಾಮೆರಾ ಅಲುಗಾಡುತ್ತದೆ, ಹೆಚ್ಚಾಗಿ ರಾತ್ರಿ ಹೊತ್ತು, ಸದ್ದು ಇರುವುದಿಲ್ಲ, ಜನ ಓಡಾಡುವುದು ಕಾಣುವುದೇ ಇಲ್ಲ. ನಾನು ಇನ್ನೊಂದು ನೋಡುತ್ತೇನೆ. ನಮ್ಮ ಕಡೆ ಒಂದು ಪಟಾಕಿ ಹಾರಿದರೂ ವಿಡಿಯೊ ಮಾಡುವವನು ‘ಅಯ್ಯಯ್ಯೋ ನೋಡ್ರೋ’ ಅನ್ನುತ್ತಾನೆ, ನಾಯಿ ಬೊಗಳುತ್ತದೆ. ವಿಮಾನ ಉರುಳಿದರೂ ಯಾರೂ ಉಸಿರೆತ್ತದಿದ್ದರೆ ಅದು ಹಂಚುವ ವಿಡಿಯೊ ಅಲ್ಲ.

ಇನ್ನು ನಿಮ್ಮ ತಮ್ಮನ ಮಾತು. ಅವರು ಹೇಳಿದ್ದು ಅರ್ಧ ನಿಜ. ಇದೇ ಬೊಹೀಮಿಯಾದ ಬಳಗದಿಂದ ‘ವಿಬಿಎಸ್’ ಅಂತ ಸೈನ್ಯಗಳಿಗೇ ಮಾಡಿದ ತರಬೇತಿ ತಂತ್ರಾಂಶ ಬಂತು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಸೈನ್ಯಗಳು ಬಳಸಿವೆ. ಅದನ್ನು ಮಾಡುವ ಕಂಪನಿಯನ್ನು 2022ರಲ್ಲಿ ಬ್ರಿಟನ್ನಿನ ಬಿಎಇ ಸಿಸ್ಟಮ್ಸ್ ಕೊಂಡುಕೊಂಡಿತು. ಆದರೆ ಅಲ್ಲಿ ಹುಡುಗರನ್ನು ಸುಮ್ನೆ ಕೂರಿಸಿ ಆಡಿಸುವುದಿಲ್ಲ. ಪಕ್ಕದಲ್ಲಿ ಉಸ್ತಾದ್, ಅಂದರೆ ಕಲಿಸುವವರು, ಇರುತ್ತಾರೆ. ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಓಡಿಸಿ ‘ಇಲ್ಲಿ ಯಾಕೆ ನಿಂತೆ, ಯಾರಿಗೆ ಹೇಳಿದೆ’ ಅಂತ ಒಂದೊಂದೇ ಕೇಳುತ್ತಾರೆ. ಕಲಿಯುವುದು ಆ ಬೈಗುಳದಲ್ಲಿ. ಮನೆಯಲ್ಲಿ ಆಡುವಾಗ ಆ ಭಾಗ ಇರುವುದಿಲ್ಲ.

ಎನ್‌ಡಿಎಗೆ ಉಪಯೋಗ ಆಗುತ್ತದಾ? ಲೆಕ್ಕ ಹಾಕಿ. ಬರವಣಿಗೆ ಪರೀಕ್ಷೆ 900 ಅಂಕ. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯ ಪತ್ರಿಕೆಗೆ 600. ಅದರಲ್ಲಿ ಆರ್ಮಾ ಕೊಡುವ ಅಂಕ ಸೊನ್ನೆ. ಅದು ದಾಟಿದರೆ ಅಧಿಕಾರಿಗಳನ್ನು ಆರಿಸುವ ಮಂಡಳಿಯ ಎಸ್‌ಎಸ್‌ಬಿ ಸಂದರ್ಶನ, ಐದು ದಿನ, ಇನ್ನೊಂದು 900. ಅಲ್ಲಿ ಗುಂಪಿನಲ್ಲಿ ಹೇಗೆ ನಡೆದುಕೊಳ್ಳುತ್ತಾನೆ, ಇನ್ನೊಬ್ಬನ ಮಾತು ಕೇಳುತ್ತಾನಾ, ತಲೆ ಓಡುತ್ತದಾ ಅಂತ ನೋಡುತ್ತಾರೆ. ನಕ್ಷೆ ಓದುವುದು, ಚುಟುಕಾಗಿ ಹೇಳುವುದು, ಕೆಳಗಿನವನಾಗಿ ನಾಯಕನ ಮಾತು ಕೇಳುವುದು, ಇಷ್ಟು ಆಟದಿಂದ ಬಂದಿದ್ದರೆ ಚೂರು ನೆರವಾಗಬಹುದು. ಅದೂ ಇಂಗ್ಲಿಷ್ ಮಾತಾಡುವ ಅಳುಕು ಹೋಗಿದ್ದರೆ, ನಮ್ಮ ಹಳ್ಳಿ ಹುಡುಗರಿಗೆ ಅದು ದೊಡ್ಡದೇ. ಆದರೆ ಮೈ? ಪ್ರತಿ ಸಲ ಭರ್ತಿಗೆ ಮೊದಲು ನಾಲ್ಕೈದು ಹುಡುಗರು ಬರುತ್ತಾರೆ. ರೈಫಲ್‌ಗಳ ಹೆಸರೆಲ್ಲ ಬಾಯಿಪಾಠ. 1.6 ಕಿಲೋಮೀಟರ್ ಓಡು ಅಂದರೆ ಎರಡನೇ ಸುತ್ತಿಗೇ ಸೊಂಟಕ್ಕೆ ಕೈ. ರಾತ್ರಿ ಎರಡಕ್ಕೆ ಮಲಗಿದವನು ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿ ಇರಲು ಹೇಗೆ ಸಾಧ್ಯ? ಎನ್‌ಡಿಎ ಎಂಬ ಹೆಸರು ಹೇಳಿ ಎನ್‌ಡಿಎ ಕೆಡಿಸಿಕೊಳ್ಳುತ್ತಿದ್ದಾನೆ ನಿಮ್ಮ ಮಗ. ಇದನ್ನು ನನ್ನ ಹೆಸರಿನಲ್ಲೇ ಅವನಿಗೆ ಹೇಳಿ, ಬೇಜಾರಿಲ್ಲ.

ಈಗ ಆ ಹನ್ನೊಂದೂವರೆಗೆ ಬರೋಣ.

ಚಳಿಗಾಲದಲ್ಲಿ ಹನ್ನೆರಡೂವರೆ, ಈಗ ಹನ್ನೊಂದೂವರೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ ನನಗೆ ವಿಷಯ ತಿಳಿಯಿತು. ಜರ್ಮನಿ, ಫ್ರಾನ್ಸ್ ಕಡೆ ಮಾರ್ಚ್ ಕೊನೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ಅಕ್ಟೋಬರ್ ಕೊನೆಗೆ ಹಿಂದೆ. ಅವರಿಗೆ ರಾತ್ರಿ ಎಂಟು ಅಂದರೆ ನಮಗೆ ಚಳಿಗಾಲದಲ್ಲಿ ಹನ್ನೆರಡೂವರೆ, ಬೇಸಿಗೆಯಲ್ಲಿ ಹನ್ನೊಂದೂವರೆ. ನಿಮ್ಮ ಮಗ ಯುರೋಪಿನ ಒಂದು ಗುಂಪಿನಲ್ಲಿದ್ದಾನೆ. ಅವರು ಆಫೀಸು ಮುಗಿಸಿ, ಊಟ ಮಾಡಿ, ಎಂಟಕ್ಕೆ ಸರಿಯಾಗಿ ಕೂರುತ್ತಾರೆ. ಇಂಥ ಗುಂಪುಗಳಿಗೆ ‘ಯೂನಿಟ್’ ಅಂತಲೇ ಹೆಸರು. ಹಾಜರಿ ಇರುತ್ತದೆ, ರ‍್ಯಾಂಕ್ ಇರುತ್ತದೆ, ತಪ್ಪಿಸಿಕೊಂಡರೆ ಕಾರಣ ಹೇಳಬೇಕು. ಮಧ್ಯದಲ್ಲಿ ಎದ್ದು ಹೋದರೆ ಹನ್ನೊಂದು ಜನರ ಆಟ ಕೆಡುತ್ತದೆ. ನೀವು ‘ಸಾಕು ಮಲಗೋ’ ಅಂದಾಗ ಅವನು ಸಿಡುಕಿದರೆ ಅದು ಚಟದಿಂದಲೇ ಇರಬೇಕು ಅಂತಿಲ್ಲ. ಯಕ್ಷಗಾನದಲ್ಲಿ ವೇಷ ಹಾಕಿ ರಂಗಸ್ಥಳದಲ್ಲಿ ನಿಂತವನನ್ನು ‘ಮನೆಗೆ ಬಾ’ ಅಂತ ಕರೆದ ಹಾಗೆ ಅದು.

ಹೀಗಾಗಿ ಪರಿಹಾರವೂ ಗಡಿಯಾರದಲ್ಲೇ ಇದೆ. ಸಿಂಗಪುರದ ರಾತ್ರಿ ಎಂಟು ನಮಗೆ ಸಂಜೆ ಐದೂವರೆ. ಆಸ್ಟ್ರೇಲಿಯಾದ ಪೂರ್ವ ಭಾಗದ ರಾತ್ರಿ ಎಂಟು ನಮಗೆ ಮಧ್ಯಾಹ್ನ ಮೂರೂವರೆ ಆಸುಪಾಸು. ನಮ್ಮ ದೇಶದವರದ್ದೇ ಗುಂಪಾದರೆ ಇನ್ನೂ ಸುಲಭ. ‘ಆಟ ಬಿಡು’ ಅಂದರೆ ಜಗಳ. ‘ಗುಂಪು ಬದಲಿಸು, ವಾರಕ್ಕೆ ಒಂದು ದಿನ, ಭಾನುವಾರ ಸಂಜೆ’ ಅಂದರೆ ಅವನಿಗೂ ಉತ್ತರ ಕೊಡಲು ಕಷ್ಟ. ನಾನು ಮಾಡಿದ್ದೂ ಇದನ್ನೇ, ಹೆಂಡತಿಯ ಒತ್ತಾಯಕ್ಕೆ.

‘ಯಾರ ಜೊತೆಗೋ’ ಅನ್ನುವುದು ಎರಡನೇ ವಿಷಯ. ನನ್ನ ಅನುಭವದಲ್ಲಿ ಈ ಯೂನಿಟ್‌ಗಳಲ್ಲಿ ಇರುವವರು ಹೆಚ್ಚಿನವರು ದೊಡ್ಡವರು, ಕೆಲಸ ಸಂಸಾರ ಇರುವವರು, ಶಿಸ್ತಿನವರು. ಎಷ್ಟೋ ಗುಂಪುಗಳು 18 ತುಂಬದವರನ್ನು ಸೇರಿಸುವುದೇ ಇಲ್ಲ. ನಿಮ್ಮ ಮಗ ಅಲ್ಲಿ ವಯಸ್ಸು ಎಷ್ಟು ಅಂತ ಹೇಳಿದ್ದಾನೆ? ಇದನ್ನು ಕೇಳಿ. ಸುಳ್ಳು ಹೇಳಿ ಸೇರಿದ್ದರೆ ಅಲ್ಲಿ ನಡೆಯುವ ಮಾತುಕತೆ ಅವನ ವಯಸ್ಸಿಗೆ ಅಲ್ಲ. ಕೆಲವು ಗುಂಪುಗಳಲ್ಲಿ ಯುದ್ಧದ ಹೆಸರಿನಲ್ಲಿ ಜನಾಂಗ, ಧರ್ಮ ಅಂತ ಹೊಲಸು ಮಾತಾಡುವವರೂ ಸಿಗುತ್ತಾರೆ. ಒಂದೆರಡು ದಿನ ಹೆಡ್‌ಫೋನ್ ತೆಗೆದು ಸ್ಪೀಕರಿನಲ್ಲಿ ಹಾಕಿ ಆಡಲು ಹೇಳಿ. ನೀವು ಮೆಣಸು ಬಿಡಿಸುತ್ತಾ ಪಕ್ಕದಲ್ಲಿ ಕೂತರೆ ಸಾಕು. ದನಿ ಕೇಳಿದರೇ ಎಂಥವರು ಅಂತ ಗೊತ್ತಾಗುತ್ತದೆ.

ಇನ್ನೊಂದು ಮಾತನ್ನು ಸೈನ್ಯದಲ್ಲಿದ್ದವನಾಗಿ ಗಟ್ಟಿಯಾಗಿ ಹೇಳುತ್ತೇನೆ. ಸೋದರಮಾವ ಯಾವ ರೆಜಿಮೆಂಟ್, ಎಲ್ಲಿ ಪೋಸ್ಟಿಂಗ್, ರಜೆ ಯಾವಾಗ, ಇದು ಯಾವುದೂ ಆ ಹೆಡ್‌ಫೋನಿನಲ್ಲಿ ಹೋಗಕೂಡದು. ಹೆಮ್ಮೆಗೆ ಕೂಡ. ‘ವಾರ್ ಥಂಡರ್’ ಅಂತ ಇನ್ನೊಂದು ಯುದ್ಧದ ಆಟ ಇದೆ. 2021ರಲ್ಲಿ ಅದರ ಆಟಗಾರನೊಬ್ಬ ‘ಆಟದಲ್ಲಿ ಟ್ಯಾಂಕ್ ಸರಿಯಾಗಿ ಮಾಡಿಲ್ಲ’ ಎಂಬ ವಾದ ಗೆಲ್ಲಲು ಬ್ರಿಟನ್ನಿನ ಚಾಲೆಂಜರ್ 2 ಟ್ಯಾಂಕಿನ ಗೋಪ್ಯ ಕೈಪಿಡಿಯ ಪುಟಗಳನ್ನೇ ಎಲ್ಲರೆದುರು ಹಾಕಿಬಿಟ್ಟ. ವಾದದ ಚಪಲ ಹಾಗಿರುತ್ತದೆ. ಆರ್ಮಾ 3 ಮಾಡಿದವರಲ್ಲೇ ಇಬ್ಬರು 2012ರಲ್ಲಿ ಲೆಮ್ನೋಸಿಗೆ ಹೋಗಿದ್ದಾಗ ಸೈನ್ಯದ ನೆಲೆಗಳ ಚಿತ್ರ ತೆಗೆದರು ಎಂಬ ಆರೋಪದ ಮೇಲೆ ಗೂಢಚಾರರೆಂದು ಬಂಧನವಾಗಿ ನಾಲ್ಕು ತಿಂಗಳು ಗ್ರೀಸಿನ ಜೈಲಿನಲ್ಲಿದ್ದರು. ಕಂಪನಿಯವರು ‘ರಜೆಗೆ ಹೋಗಿದ್ದರು’ ಎಂದರು. 2013ರ ಜನವರಿಯಲ್ಲಿ ಜಾಮೀನು ಸಿಕ್ಕಿತು. ಆಟದವನ ಕುತೂಹಲ ಪೊಲೀಸರಿಗೆ ಬೇರೆ ತರ ಕಾಣುತ್ತದೆ ಅನ್ನುವುದಕ್ಕೆ ಹೇಳಿದೆ.

ಚಟದ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ ಆಟದ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರಿಂದ ಜಾರಿಯಲ್ಲಿದೆ. ಆದರೆ ಗಂಟೆ ಎಣಿಸಿ ಅದನ್ನು ತೀರ್ಮಾನಿಸುವುದಿಲ್ಲ. ನಿಲ್ಲಿಸಬೇಕು ಅಂದುಕೊಂಡರೂ ಆಗುವುದಿಲ್ಲ, ಊಟ ನಿದ್ದೆ ಓದು ಗೆಳೆಯರು ಎಲ್ಲಕ್ಕಿಂತ ಆಟವೇ ಮೇಲೆ, ನಷ್ಟ ಆಗುತ್ತಿರುವುದು ಕಂಡರೂ ಮುಂದುವರಿಸುತ್ತಾನೆ, ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷ ನಡೆದಿದ್ದರೆ ವೈದ್ಯರು ಆ ಹೆಸರು ಕೊಡುತ್ತಾರೆ. ನಿಮ್ಮ ಪತ್ರದಲ್ಲಿ ಮೊದಲ ಪಿಯುಸಿ ಅಂಕದ ಸುದ್ದಿ ಇಲ್ಲ, ಕಾಲೇಜು ತಪ್ಪಿಸಿದ ಸುದ್ದಿಯೂ ಇಲ್ಲ. ಸಾಗರದಲ್ಲಿ ಇದ್ದಾಗ ಹೇಗಿದ್ದ ಅಂತ ವಿಚಾರಿಸಿ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ಒಬ್ಬರು ಮಗನ ಕಂಪ್ಯೂಟರ್ ರಿಪೇರಿಗೆ ತಂದು ಇದೇ ಪ್ರಶ್ನೆ ಕೇಳಿದ್ದರು. ‘ಆಡಲಿ ಬಿಡಿ ಸಾರ್, ಬುದ್ಧಿವಂತರ ಆಟ’ ಅಂದುಬಿಟ್ಟೆ. ಆ ಹುಡುಗ ಪರೀಕ್ಷೆಗೇ ಹೋಗಲಿಲ್ಲ. ಆಮೇಲೆ ತಿಳಿದದ್ದು, ಕಾಲೇಜಿನಲ್ಲಿ ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು, ಯಾರಿಗೂ ಹೇಳದೆ ಕೋಣೆ ಸೇರಿದ್ದ. ಆಟ ಅವನಿಗೆ ಅಡಗುವ ಜಾಗ. ಕಂಪ್ಯೂಟರ್ ನೋಡಿ ಸಲಹೆ ಕೊಟ್ಟೆ, ಹುಡುಗನನ್ನು ನೋಡಲಿಲ್ಲ. ಹೀಗಾಗಿ ಅಂಥ ಸುಳಿವು ಏನಾದರೂ ಕಂಡರೆ ನನ್ನಂಥವನ ಮಾತು ನಂಬಿಕೊಂಡು ಕೂರಬೇಡಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2014ರಿಂದ ಮೊಬೈಲ್, ಆಟದ ಚಟಕ್ಕೇ ಅಂತ ‘ಶಟ್’ ಎಂಬ ಕ್ಲಿನಿಕ್ ಇದೆ.

ಇನ್ನು 90 ಸಾವಿರ. ಅಂಗಡಿಯವನಾಗಿ ‘ಕೊಡಿಸಿ’ ಅನ್ನಬೇಕು, ಆದರೆ ಈಗ ಬೇಡ.

ಕಾರಣ ಕೇಳಿ. ಕಂಪ್ಯೂಟರಿಗೆ ಯಾವ್ಯಾವ ಭಾಗ ಬೇಕು ಅನ್ನುವ ಮಾಣಿಯ ಪಟ್ಟಿ ನಾನು ನೋಡಿಲ್ಲ, ಆದರೆ ಈ ವಯಸ್ಸಿನವರ ಪಟ್ಟಿಯಲ್ಲಿ ಅರ್ಧ ದುಡ್ಡು ಪರದೆಯ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಹೋಗಿರುತ್ತದೆ. ಆರ್ಮಾ 3ರ ಎಂಜಿನ್, ಅಂದರೆ ಆಟ ಓಡಿಸುವ ತಂತ್ರಾಂಶ, ಹಳೇ ಕಾಲದ್ದು. ಅದಕ್ಕೆ ಬೇಕಾಗಿರುವುದು ವೇಗದ ಪ್ರೊಸೆಸರ್, ಲೆಕ್ಕ ಹಾಕುವ ಭಾಗ. ಆಟದಲ್ಲಿರುವ ಒಬ್ಬೊಬ್ಬ ಶತ್ರುವೂ ಎಲ್ಲಿ ಸದ್ದಾಯಿತು, ಯಾವ ಮರದ ಹಿಂದೆ ಅಡಗಲಿ ಅಂತ ಲೆಕ್ಕ ಹಾಕುತ್ತಿರುತ್ತಾನೆ. ಆ ಕೆಲಸದ ಹೆಚ್ಚಿನ ಪಾಲು ಪ್ರೊಸೆಸರಿನ ಒಂದೇ ಕೋರಿನ ತಲೆಗೆ ಬೀಳುತ್ತದೆ. ಕೋರ್ ಅಂದರೆ ಪ್ರೊಸೆಸರಿನೊಳಗಿನ ಒಬ್ಬೊಬ್ಬ ಕೆಲಸಗಾರ. ಎಂಟು ಕೋರ್ ಇದ್ದರೂ ಉಳಿದವು ಹೆಚ್ಚಿನ ಹೊತ್ತು ಮೇಸ್ತ್ರಿ ಒಬ್ಬನೇ ದುಡಿಯುವುದನ್ನು ನೋಡುತ್ತಾ ಕೂತ ಆಳುಗಳ ಹಾಗೆ. ಅಷ್ಟೇ ಅಲ್ಲ, ಗುಂಪಿನಲ್ಲಿ ಆಡುವಾಗ ಆ ಕಡೆಯ ಸರ್ವರ್ (ಎಲ್ಲರನ್ನೂ ಕೂಡಿಸುವ ಕಂಪ್ಯೂಟರ್) ಸೋತರೆ ನಿಮ್ಮ ಕಂಪ್ಯೂಟರ್ ಎಷ್ಟೇ ದುಬಾರಿ ಇದ್ದರೂ ಆಟ ತಡವರಿಸುತ್ತದೆ. ಎರಡು ಲಕ್ಷದ ಯಂತ್ರದಲ್ಲೂ ನೋಡಿದ್ದೇನೆ.

ಮೊದಲು ಖರ್ಚಿಲ್ಲದ ಮದ್ದು ಮಾಡಲಿ. ಆಟದ ಸೆಟ್ಟಿಂಗಿನಲ್ಲಿ ‘ವ್ಯೂ ಡಿಸ್ಟೆನ್ಸ್’ ಅಂತ ಇದೆ, ಎಷ್ಟು ದೂರದವರೆಗೆ ಕಾಣಬೇಕು ಅನ್ನುವುದು. ಅದನ್ನು 1,500 ಮೀಟರಿಗೆ ಇಳಿಸಿದರೆ ಹಳೇ ಲ್ಯಾಪ್‌ಟಾಪಿಗೂ ಉಸಿರು ಬರುತ್ತದೆ. ಎರಡನೆಯದು, ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಅದಕ್ಕಿಂತ ತುಂಬಾ ವೇಗದ ಡಿಸ್ಕ್) ಹಾಕಿಸುವುದು, ರ‍್ಯಾಮ್ (ಕೆಲಸದ ಹೊತ್ತಿನ ನೆನಪಿನ ಜಾಗ) 16 ಜಿಬಿ ಮಾಡಿಸುವುದು. ಹೊಸ ಕಂಪ್ಯೂಟರಿನ ಮುಂದೆ ಇದು ಚಿಲ್ಲರೆ ಖರ್ಚು. ಓದಿಗೂ ಆಗುತ್ತದೆ. ಈ ದಾರಿಯಲ್ಲಿ ಅಪಾಯ ಒಂದೇ, ಲ್ಯಾಪ್‌ಟಾಪ್ ತೀರಾ ಹಳೆಯದಾಗಿದ್ದರೆ ಬಿಸಿಯಾಗಿ ಕೈಕೊಡುತ್ತದೆ. ಮೂರನೆಯದು, ಪಿಯುಸಿ ಮುಗಿದ ಮೇಲೆ ಐವತ್ತು ಅರವತ್ತು ಸಾವಿರದೊಳಗೆ ಒಂದು ಡೆಸ್ಕ್‌ಟಾಪ್, ಪ್ರೊಸೆಸರಿಗೆ ದುಡ್ಡು ಜಾಸ್ತಿ ಹಾಕಿ. ಅಷ್ಟರಲ್ಲಿ ಅವನಿಗೆ ಆಟವೇ ಸಾಕಾಗಿರಲೂಬಹುದು.

ನಡುವೆ ಆಟಕ್ಕೆ ಇನ್ನಷ್ಟು ದುಡ್ಡು ಹೋಗುತ್ತದಾ ಅಂತ ಕೇಳಬಹುದು. ಇದು ಒಮ್ಮೆ ಕೊಂಡರೆ ಮುಗಿಯಿತು. ಜೂಜು ಇಲ್ಲ. 2025ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಇದು ಆ ಸಾಲಿಗೆ ಸೇರುವುದಿಲ್ಲ. ಹೆಚ್ಚುವರಿ ಭಾಗಗಳು ಸೇಲಿನಲ್ಲಿ ತೀರಾ ಕಡಿಮೆಗೆ ಬರುತ್ತವೆ, ಅವಸರ ಬೇಡ. ಕೊಂಡದ್ದು ಸರಿಹೋಗದಿದ್ದರೆ, ಈ ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೊಡುತ್ತದೆ. ಅದೇ ಸ್ಟೀಮಿನಲ್ಲಿ ಒಟ್ಟು ಎಷ್ಟು ಗಂಟೆ ಆಡಿದ್ದಾನೆ ಅಂತಲೂ ಕಾಣುತ್ತದೆ. ತೋರಿಸು ಅನ್ನಿ. ಅಂಕಪಟ್ಟಿಗಿಂತ ನಿಜ ಹೇಳುವ ಸಂಖ್ಯೆ ಅದು.

ಅವನು ಬರೀ ಆಡುತ್ತಾನಾ, ಏನಾದರೂ ಮಾಡುತ್ತಾನಾ ಅನ್ನುವುದನ್ನೂ ನೋಡಿ. ಈ ಆಟದ ಜೊತೆಗೇ ಕಾರ್ಯಾಚರಣೆ ಕಟ್ಟುವ ಸಲಕರಣೆ ಬರುತ್ತದೆ, ಪ್ರೋಗ್ರಾಮಿಂಗ್ ಸ್ವಲ್ಪ ಕಲಿಯಬೇಕು. ನನ್ನ ಅಂಗಡಿಗೆ ಬರುವ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಕವಲೇದುರ್ಗದ ಗುಡ್ಡವನ್ನು ಆಟಕ್ಕೆ ತರಲು ಹೊರಟಿದ್ದ. ಉಪಗ್ರಹದಿಂದ ಅಳೆದ ಎತ್ತರದ ಲೆಕ್ಕ ಪುಕ್ಕಟೆ ಸಿಗುತ್ತದೆ. ಅದು 30 ಮೀಟರಿಗೆ ಒಂದು ಅಳತೆ. ಗುಡ್ಡ ಚೆಂದ ಬಂತು, ಕೋಟೆ ಗೋಡೆ ಒಂದೂ ಇಲ್ಲ, ಎರಡು ಅಳತೆಗಳ ನಡುವೆ ನುಂಗಿಹೋಗಿದ್ದವು. ಹುಡುಗ ಟೇಪು ಹಿಡಿದು ಮೂರು ಭಾನುವಾರ ಕೋಟೆ ಹತ್ತಿದ. ಗೋಡೆ ಅಳೆದ, ಜಿಗಣೆ ಕಚ್ಚಿಸಿಕೊಂಡ. ಅವನಿಗೆ ಯಾರಾದರೂ 90 ಸಾವಿರದ ಕಂಪ್ಯೂಟರ್ ಕೊಡಿಸುತ್ತೇನೆ ಅಂದರೆ ನಾನು ಬೇಡ ಅನ್ನುವುದಿಲ್ಲ.

ಕರೆಂಟಿನ ಕಥೆ ಕೊನೆಗೆ ಉಳಿಯಿತು, ಆದರೆ ನಮ್ಮ ಕಡೆ ಕಂಪ್ಯೂಟರ್ ಕೊಲ್ಲುವುದು ಅದೇ. ಮಳೆಗಾಲದಲ್ಲಿ ನನ್ನ ಮೇಜಿಗೆ ಬರುವವುಗಳಲ್ಲಿ ಹೆಚ್ಚಿನವು ಸಿಡಿಲು, ಇರುವೆ, ತೇವ ಈ ಮೂರರಿಂದ. ಹೋದ ಜುಲೈಯಲ್ಲಿ ಒಂದು ಕ್ಯಾಬಿನೆಟ್ ಬಿಚ್ಚಿದರೆ ಪವರ್ ಸಪ್ಲೈ ಒಳಗೆ ಹಲ್ಲಿ ಸುಟ್ಟು ಅಂಟಿಕೊಂಡಿತ್ತು, ಕಾರ್ಡಿನ ತಾಮ್ರದ ಕಾಲು ಹಸಿರು ಹಿಡಿದಿತ್ತು. ಎರಡು ತಿಂಗಳು ಹಚ್ಚದೆ ಮುಚ್ಚಿಟ್ಟಿದ್ದರಂತೆ, ‘ಮಳೆಗೆ ಹಾಳಾಗಬಾರದು’ ಅಂತ. ದಿನಾ ಅರ್ಧ ಗಂಟೆ ಹಚ್ಚಿದ್ದರೆ ಅದರ ಬಿಸಿಗೇ ತೇವ ಆರುತ್ತಿತ್ತು. ಡೆಸ್ಕ್‌ಟಾಪ್ ತಂದ ದಿನ ಅದರ ಜೊತೆ ಯುಪಿಎಸ್ ಬರಲಿ. ಮನೆಯ ಇನ್ವರ್ಟರ್ ಹಳೇ ಸ್ಕ್ವೇರ್ ವೇವ್ ಮಾದರಿಯದಾದರೆ ಎಷ್ಟೋ ಹೊಸ ಪವರ್ ಸಪ್ಲೈಗಳು ಅದಕ್ಕೆ ಹೊಂದುವುದಿಲ್ಲ, ಲೈನಿನ ಕರೆಂಟಿನ ಹಾಗೇ ನಯವಾಗಿ ಏರಿಳಿಯುವ ಸೈನ್ ವೇವ್ ಬೇಕು. ಅರ್ಥಿಂಗ್ ಗುಂಡಿ ಯಾವಾಗ ತೋಡಿದ್ದು ಅಂತ ನಿಮ್ಮ ಯಜಮಾನರನ್ನು ಕೇಳಿ. ಗುಡುಗು ಶುರುವಾಗುವ ಮೊದಲೇ ಕಂಪ್ಯೂಟರಿನದ್ದೂ ರೌಟರಿನದ್ದೂ ಪ್ಲಗ್ ಕೀಳಬೇಕು. ಫೈಬರ್ ತಂತಿಯ ಒಳಗಿನ ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ. ರೌಟರಿನ ಅಡಾಪ್ಟರಿನಿಂದ ಬರುತ್ತದೆ.

ಇಂಟರ್‌ನೆಟ್ ನಿಧಾನ ಅಂತ ಮಾಣಿ ಗೊಣಗಿದರೆ ಅದಕ್ಕೂ ದಾರಿ ಇದೆ. ಈ ಆಟ ಆಡಲು ದೊಡ್ಡ ವೇಗ ಬೇಡ, ಇಳಿಸಿಕೊಳ್ಳಲು ಬೇಕು. ಗುಂಪಿನವರು ಹೇಳುವ ಹೆಚ್ಚುವರಿ ಫೈಲುಗಳೆಲ್ಲ ಸೇರಿದರೆ 100 ಜಿಬಿ ದಾಟುವುದುಂಟು. ಸಾಗರದಲ್ಲೋ ಶಿವಮೊಗ್ಗದಲ್ಲೋ ನೆಂಟರ ಮನೆಯಲ್ಲಿ ಇಳಿಸಿ ಡಿಸ್ಕಿನಲ್ಲಿ ತರಲಿ. ಫೈಲುಗಳನ್ನು ಸ್ಟೀಮಿನ ಒಳಗಿನಿಂದಲೇ ತೆಗೆದುಕೊಳ್ಳಲಿ, ಯಾರೋ ಕಳಿಸಿದ ಲಿಂಕಿನಿಂದ ಬೇಡ. ಲಾಗಿನ್ ಕದಿಯುವವರು ಅಲ್ಲೇ ಕಾದಿರುತ್ತಾರೆ.

ಎಸ್‌ಎಸ್‌ಡಿ ಹಾಕಿಸಲು ನಿಮ್ಮ ಹತ್ತಿರದ ಅಂಗಡಿಯೇ ಸಾಕು, ಇಷ್ಟು ದೂರ ಬರಬೇಡಿ. ಹಾಕಿಸಿದ ಮೇಲೆ ಹಳೇ ಹಾರ್ಡ್‌ಡಿಸ್ಕ್ ಮಾತ್ರ ಕೇಳಿ ಇಸಿದುಕೊಳ್ಳಿ. ಹೆಚ್ಚಿನವರು ಅಲ್ಲೇ ಬಿಟ್ಟು ಹೋಗುತ್ತಾರೆ. ಮನೆಯ ಹಳೇ ಫೋಟೊ ಎಲ್ಲ ಅದರಲ್ಲೇ ಇರುತ್ತವೆ.